ಚೆನ್ನಾಗಿದೀನಿ ಅಂದದ್ದು

ಲಸಿಕೆ ಹಾಕಿಸಿಕೊಂಡ ಕೆಲವು ದಿನಗಳಲ್ಲೇ ನನ್ನ ಪಾದಗಳು ಜೋಮು ಹಿಡಿದವು. ನೋಡುನೋಡುತ್ತ ಜೋಮು ಸೊಂಟಕ್ಕೇರಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು, ನಾನೊಬ್ಬಳೇ ಇರುವ ಬೋಗಾದಿಯ ಬಾಡಿಗೆ ಮನೆಗೆ ವಾಕರ್ ಹಿಡಿದು ವಾಪಸಾದೆ. ಮೈಯ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಇದು, ತೀರಾ ಅಪರೂಪಕ್ಕೆ ಲಸಿಕೆಯ ನಂತರವೂ ಬರುತ್ತದೆ ಎಂದರು ನರರೋಗ ತಜ್ಞರು. ಅಪರೂಪದ ಯಾವ ಅದೃಷ್ಟವೂ ನನ್ನ ಬಾಗಿಲಿಗೆ ಬಂದಿರಲಿಲ್ಲ, ಇದೊಂದು ಮಾತ್ರ ವಿಳಾಸ ಹುಡುಕಿಕೊಂಡು ಬಂತು.

ಲಸಿಕೆಯ ಮೇಲೆ ನನಗೆ ದ್ವೇಷವಿಲ್ಲ. ಅದು ಎಷ್ಟೋ ಜನರನ್ನು ಉಳಿಸಿತು. ಆದರೆ ನಾನು ಬಟ್ಟೆ ಹೊಲಿಯುವವಳು, ಮಿಷನ್ ತುಳಿಯಲು ಕಾಲು ಬೇಕು. ಊರಿಗೆಲ್ಲ ಒಳ್ಳೆಯದಾಗಲೆಂದು ಹಾಕಿದ್ದರಿಂದ ಒಬ್ಬಳ ಕಾಲು ಹೋದರೆ ಆ ಒಬ್ಬಳನ್ನು ಊರು ನೋಡಿಕೊಳ್ಳಬೇಡವೇ? ನನ್ನ ವಾದ ಇಷ್ಟೇ. ಸರ್ಕಾರದಿಂದ ಪರಿಹಾರ ಕೇಳಿ ಕೋರ್ಟಿಗೆ ಹೋದೆ. ಅಕ್ಕಪಕ್ಕದವರು ಮನೆಗೆ ಬರುವುದನ್ನು ನಿಲ್ಲಿಸಿದರು. ಅವರೂ ಅದೇ ಲಸಿಕೆ ಹಾಕಿಸಿಕೊಂಡವರು, ನನ್ನನ್ನು ನೋಡಿದರೆ ಅವರಿಗೆ ಭಯ.

ಕೋರ್ಟು ನನ್ನನ್ನು ವೈದ್ಯರ ಸಮಿತಿಯ ಮುಂದೆ ಕಳಿಸಿತು. ದೊಡ್ಡವರ ಮುಂದೆ ಹೋಗುವುದೆಂದು ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೂ ಮುಡಿದು ಹೋದೆ. ಹಿರಿಯ ವೈದ್ಯರು ತಲೆಯೆತ್ತಿ, "ಹೇಗಿದ್ದೀರಮ್ಮ ಈಗ?" ಎಂದರು. ಯಾರಾದರೂ ಹಾಗೆ ಅಕ್ಕರೆಯಿಂದ ಕೇಳಿ ಬಹಳ ಕಾಲವಾಗಿತ್ತು. "ಚೆನ್ನಾಗಿದೀನಿ ಸಾರ್, ನಿಮ್ಮ ಆಶೀರ್ವಾದ" ಎಂದೆ. ನಮ್ಮ ಜನಕ್ಕೆ ಅದಕ್ಕೆ ಬೇರೆ ಉತ್ತರವೇ ಗೊತ್ತಿಲ್ಲ. ಚಟ್ಟ ಹೊತ್ತವರನ್ನು ಕೇಳಿದರೂ ಚೆನ್ನಾಗಿದೀವಿ ಎಂದಾರು. ವೈದ್ಯರು ಬರೆದುಕೊಂಡರು.

ಮುಂದಿನ ವಿಚಾರಣೆಯಲ್ಲಿ ಎದುರು ಪಕ್ಷದವರು ಅದನ್ನೇ ಓದಿದರು: ಚೆನ್ನಾಗಿದ್ದೇನೆಂದು ಅರ್ಜಿದಾರರೇ ಹೇಳಿದ್ದಾರೆ. ಹೊರಗೆ ಬಂದ ಮೇಲೆ ನಮ್ಮ ವಕೀಲರು ಹಣೆ ಚಚ್ಚಿಕೊಂಡರು.

"ಏನ್ ಅಂದ್ಬುಟ್ರಿ ನೀವು? ಅದು ಕ್ಷೇಮಸಮಾಚಾರ ಅಲ್ಲ ಕಣ್ರೀ, ಪರೀಕ್ಷೆ. ಇನ್ನೊಂದ್ಸಲ ಸಮಿತಿಗೆ ಕಳ್ಸಿ ಅಂತ ಕೇಳ್ಕೊಂಡಿದೀನಿ. ಅಲ್ಲೀವರ್ಗೂ ಯಾರ್ ಕೇಳಿದ್ರೂ ಇರೋದನ್ನ ಇದ್ದಂಗೇ ಹೇಳಿ. ಅಭ್ಯಾಸ ಆಗ್ಲಿ."

ಅಭ್ಯಾಸಕ್ಕಾದರೂ ಕೇಳುವವರು ಬೇಕಲ್ಲ. ಭಾನುವಾರ ಇಲ್ಲೇ ಹತ್ತಿರದ ದಟ್ಟಗಳ್ಳಿಯಿಂದ ತಮ್ಮ ಫೋನ್ ಮಾಡಿದ.

"ಎಂಗಿದ್ದೀಯಕ್ಕ?"

"ಚೆನ್ನಾಗಿಲ್ಲ ಕಣೋ. ಕಾಲಲ್ಲಿ ಬಲ ಇಲ್ಲ. ನಿನ್ನೆ ಬಚ್ಚಲಲ್ಲಿ ಬಿದ್ಬುಟ್ಟೆ. ಏಳೋಕಾಗ್ದೆ ಅಲ್ಲೇ ಕೂತಿದ್ದೆ."

ಆ ಕಡೆ ಅವನ ಮನೆಯ ಟಿವಿ ಸದ್ದು ಕೇಳಿಸುತ್ತಿತ್ತು. "ಊಟ ಆಯ್ತಾ?" ಎಂದ.

"ಆಯ್ತು" ಎಂದೆ. ಒಲೆ ಹಚ್ಚಿರಲಿಲ್ಲ.