ಬಾಗಿಲ ಹಿಂದೆ ಬರೆಸಿದ ನಂಬರು

ನಮ್ಮ ಮನೆಯ ವೈಫೈಗೆ ಬೀಗ ಹಾಕಿಸಿದವಳು ನಾನೇ. ಆನೆಗೊಂದಿಯಲ್ಲಿ ಬಂಡೆಯ ಮಗ್ಗುಲಿಗೇ ನಮ್ಮ ಮನೆ. ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲ. ಅದಕ್ಕೇ ತಂತಿ ಎಳೆಸಿದೆವು. ವಾರದಲ್ಲೇ ಓಣಿಯ ಅರ್ಧ ಮಂದಿ ನಮ್ಮ ಕಟ್ಟೆಯ ಮೇಲೆ ಫೋನು ಹಿಡಿದು ಕೂತರು. ಕೇಬಲ್ಲಿನವನನ್ನು ಕರೆಸಿ, ಮೊಮ್ಮಗಳ ಲ್ಯಾಪ್‌ಟಾಪ್ ಬಿಟ್ಟು ಬೇರೆ ಯಾವುದೂ ಒಳಗೆ ಬರಬಾರದು ಎಂದೆ. ಪ್ರತಿ ಯಂತ್ರಕ್ಕೂ ಹುಟ್ಟಿನಿಂದಲೇ ಒಂದು ನಂಬರು ಇರುತ್ತದಂತೆ. ನಮ್ಮದನ್ನು ಪಟ್ಟಿಗೆ ಸೇರಿಸಿದ.

"ಬಾಗಿಲ ಹಿಂದನೂ ಬರಿ" ಎಂದೆ. ಎಮ್ಮೆ ಈದ ದಿನ, ಗ್ಯಾಸು ಬಂದ ದಿನ, ಎಲ್ಲ ನಾನು ಅಲ್ಲೇ ಬರೆಸುವುದು. ಅವನು ನಕ್ಕ, ಬರೆದ.

ಹೋದ ವರ್ಷ ಮೊಮ್ಮಗಳ ಲ್ಯಾಪ್‌ಟಾಪಿನ ವೈಫೈ ಕೆಟ್ಟಿತು. ಗಂಗಾವತಿಯಿಂದ ವೈಫೈ ಹಿಡಿಯುವ, ಹೆಬ್ಬೆರಳಿನಷ್ಟು ಸಣ್ಣ ಯಂತ್ರವೊಂದನ್ನು ತಂದು ಅದಕ್ಕೆ ಚುಚ್ಚಿದಳು. ಅದರ ನಂಬರೇ ಬೇರೆ, ಒಳಗೆ ಬಿಡಲಿಲ್ಲ. ಅಂದು ಹನ್ನೊಂದಕ್ಕೆ ಹೈದರಾಬಾದಿನ ವ್ಯಾಪಾರಿಯೊಬ್ಬರು ನಮ್ಮ ಹೆಂಗಸರು ಬಾಳೆನಾರಿನಲ್ಲಿ ಹೆಣೆದ ಚೀಲಗಳನ್ನು ವಿಡಿಯೋದಲ್ಲಿ ನೋಡುವವರಿದ್ದರು. ತಪ್ಪಿದರೆ ಆರ್ಡರು ಬೇರೆಯವರಿಗೆ. ಕೇಬಲ್ಲಿನವನು ತಳಕಲ್ಲಿಗೆ ಮದುವೆಗೆ ಹೋಗಿ ಫೋನು ಆಫ್ ಮಾಡಿದ್ದ. ಪಟ್ಟಿ ತೆರೆಯುವ ಪಾಸ್‌ವರ್ಡು ಅವನೊಬ್ಬನಿಗೇ ಗೊತ್ತು.

"ಇನ್ನೂ ಹಾಕಿಸು ಬೀಗ!" ಎಂದಳು ಮೊಮ್ಮಗಳು.

"ಬೈಯೋದು ಆಮ್ಯಾಲೆ. ದಾರಿ ಐತೇನು ಹೇಳು."

"ಐತಿ. ಹೊಸದಕ್ಕ ಹಳೇದರ ನಂಬರ್ ಕೊಡಬೇಕು. ಆದ್ರ ಅದು ಕೆಟ್ಟದ್ರ ಜೊತಿಗೇ ಹೋತು."

"ಹೋಗಾಕ ಅದೇನು ಕಾಲು ಪಡಕೊಂಡೈತೇನು? ಬಾಗಿಲ ಹಿಂದೈತಿ ಬಾ."

ಅವಳು ಕಪ್ಪು ಪರದೆ ತೆರೆದು ಸಾಲು ಸಾಲು ಬರೆದಳು. ಮೊದಲು ವೈಫೈಯನ್ನು ಮಲಗಿಸಿದಳು. ಎಚ್ಚರವಿದ್ದಾಗ ಅದು ನಂಬರು ಬದಲಿಸಿಕೊಳ್ಳುವುದಿಲ್ಲವಂತೆ. ನಾನು ಬಾಗಿಲಿಗೆ ಮೂಗು ಹಚ್ಚಿ ಓದಿದೆ. ಅಂಕಿ ನನಗೆ ಬರುತ್ತವೆ, ಇಂಗ್ಲಿಷ್ ಅಕ್ಷರ ಬರುವುದಿಲ್ಲ.

"ನಾಕು, ಕುಡಗೋಲು."

"ಸಿ. ಮುಂದ?"

"ಎಂಟು, ಏಣಿ."

"ಎ. ಮುಂದ ಹೇಳು ಅಜ್ಜಿ, ಟೈಮ್ ಇಲ್ಲ!"

"ಮೂರು, ಮೂರು ಹಲ್ಲಿನ ಬಾಚಣಿಗಿ."

"ಇ!"

ಹೀಗೆ ಆರು ಜೋಡಿ ಮುಗಿದವು. ವೈಫೈ ಎಬ್ಬಿಸಿದಳು. ಬರಲಿಲ್ಲ. ಅವಳ ಮುಖ ಸಣ್ಣದಾಯಿತು. ನಾನು ಹೋಗಿ ಪರದೆ ನೋಡಿದೆ.

"ಕಡೀದು ಎರಡೇ ಹಲ್ಲಿನ ಬಾಚಣಿಗಿ ಅಂದಿದ್ದೆ. ನೀ ಮೂರು ಹಲ್ಲಿಂದು ಹೊಡದಿ."

"ಎಫ್! ಹೌದಲ್ಲ ಅಜ್ಜಿ!"

ತಿದ್ದಿದಳು. ಹನ್ನೊಂದಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು, ವೈಫೈ ಬಂತು.

"ಹಂಗಾದ್ರ ನನ್ನ ಬೀಗ ಇಷ್ಟೇ ಏನು?" ಎಂದೆ.

"ಇಷ್ಟೇ" ಎಂದಳು, ನಗುತ್ತ.

ಚೀಲ ಭಾರ ತಡೆಯುತ್ತದೆಯೇ ಎಂದು ವ್ಯಾಪಾರಿ ಕೇಳಿದರು. ಮೊಮ್ಮಗಳು ಹಿಂದಿಯಲ್ಲಿ ಮಾತು ಹುಡುಕುವಷ್ಟರಲ್ಲಿ ನಾನು ಒಳಕಲ್ಲಿನ ಗುಂಡು ತಂದು ಚೀಲಕ್ಕೆ ಹಾಕಿ, ಎತ್ತಿ ಹಿಡಿದು ನಿಂತೆ. ಅವರು ಸಾಕು ಎನ್ನುವ ತನಕ ಇಳಿಸಲಿಲ್ಲ. ಆರ್ಡರು ನಮಗೇ ಬಂತು.

ಮರುದಿನ ನಾರು ತೆಗೆಯಲು ಬಂದ ಹೆಂಗಸರಿಗೆ ನಾನು ಮೊದಲು ಹೇಳಿದ್ದು ಗುಂಡಿನ ವಿಷಯವಲ್ಲ, ಯಂತ್ರದ ಹುಟ್ಟಿದ ನಂಬರನ್ನೇ ಬದಲಿಸಿದ ನನ್ನ ಮೊಮ್ಮಗಳ ವಿಷಯ. ತಪ್ಪು ಹಿಡಿದವರು ಯಾರು ಎಂಬುದನ್ನೂ ಬಿಡದೆ ಹೇಳಿದೆ.