ಹದಿನಾಲ್ಕನೇ ನಂಬರಿನ ಜಾಬ್

ವಾಡಿ ಸಮೀಪದ ಸಣ್ಣ ತರಬೇತಿ ಕೇಂದ್ರವೊಂದರಲ್ಲಿ ನಾನು ಇಪ್ಪತ್ತೆರಡು ವರ್ಷ ಬಡಗಿ ಕೆಲಸ ಕಲಿಸಿದೆ. ಈ ಘಟನೆ ನಡೆದಾಗ ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಅಲ್ಲಿನ ಸ್ಟೋರ್‌ಕೀಪರ್ ಭೀಮಣ್ಣ ನನಗಿಂತ ಹಿರಿಯ. ಇಬ್ಬರೂ ದಿನಾ ಒಂದೇ ಬುತ್ತಿಯಲ್ಲಿ ರೊಟ್ಟಿ ಮುರಿದವರು. ನನ್ನ ಮಗಳ ಮದುವೆಯಲ್ಲಿ ಬೀಗರನ್ನು ಎದುರುಗೊಂಡವನು ಅವನೇ.

ಆ ವರ್ಷ ಕಲಿಯಲು ಬಂದ ತಂಡದಲ್ಲಿ ನಾಲವಾರದ ಸುಜಾತಾ ಎಂಬ ಹೆಣ್ಣುಮಗಳಿದ್ದಳು. ವಯಸ್ಸು ಮೂವತ್ತು ದಾಟಿತ್ತು, ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದಳು. ಶಹಾಬಾದಿನ ಫರ್ನಿಚರ್ ಕಾರ್ಖಾನೆಯೊಂದು ಅವಳ ಕೈಕೆಲಸ ನೋಡಿ ಮೆಚ್ಚಿ, ಪಾಸಾದ ಪತ್ರ ತಂದರೆ ಕೆಲಸ ಕೊಡುತ್ತೇವೆ ಎಂದಿತ್ತು. ಇದ್ದದ್ದು ಒಂದೇ ಜಾಗ.

ಉಳಿ ಎಂದರೆ ಒಂದೇ ಬಗೆ ಎಂದುಕೊಂಡವರೇ ಹೆಚ್ಚು. ಮೋರ್ಟಿಸ್ ಉಳಿ ದಪ್ಪನೆಯದು. ಕೊಡತಿಯಿಂದ ಹೊಡೆದು ಆಳದ ತೂತು ತೆಗೆಯಲು. ಫರ್ಮರ್ ಉಳಿ ಒರಟು ಕೆಲಸಕ್ಕೆ, ದುಂಡು ಬಾಯಿಯ ಗೌಜ್ ಹಳ್ಳ ಕೊರೆಯಲು. ಪೇರಿಂಗ್ ಉಳಿ ಉದ್ದ, ತೆಳು, ಕೈಯಿಂದಲೇ ಒತ್ತಿ ನಯವಾಗಿ ಸವರಲು. ಅದಕ್ಕೆ ಕೊಡತಿ ತಾಗಿಸಿದವರಿಗೆ ನನ್ನಿಂದ ಬೈಗುಳ ತಪ್ಪುತ್ತಿರಲಿಲ್ಲ. ಎರಡು ಅಂಚೂ ಓರೆಯಾಗಿರುವ ಬೆವೆಲ್ ಉಳಿ ಮಾತ್ರ ಇಕ್ಕಟ್ಟಿನ ಮೂಲೆಗೆ ಇಳಿಯುತ್ತದೆ. ಪರೀಕ್ಷೆಗೆ ಕೊಟ್ಟದ್ದು ಡವ್‌ಟೇಲ್ ಜಾಯಿಂಟ್. ಪಾರಿವಾಳದ ಬಾಲದಂತೆ ತುದಿಯಲ್ಲಿ ಅಗಲವಾಗುವ ಹಲ್ಲುಗಳನ್ನು ಕೊರೆದು ಎರಡು ಹಲಗೆ ಕೂಡಿಸಬೇಕು. ಬೆವೆಲ್ ಉಳಿ ಇಲ್ಲದೆ ಅದು ಆಗದ ಕೆಲಸ.

ಪರೀಕ್ಷೆ ಶುರುವಾಗುವಾಗಲೇ ಸುಜಾತಾಳ ಬೆವೆಲ್ ಉಳಿ ಮೇಜಿನಿಂದ ಜಾರಿ ಶಹಾಬಾದಿ ಕಲ್ಲಿನ ನೆಲಕ್ಕೆ ಬಿತ್ತು. ಬಾಯಿಯ ಎಡತುದಿಯ ಪಕ್ಕದಲ್ಲಿ ಎಳ್ಳಿನಷ್ಟು ಚಕ್ಕೆ ಹಾರಿತು. ಕರೆಂಟ್ ಇರಲಿಲ್ಲ, ಗ್ರೈಂಡರ್ ತಿರುಗುವಂತಿರಲಿಲ್ಲ, ಸ್ಟೋರಿನಲ್ಲಿ ಬೇರೆ ಉಳಿಯೂ ಇರಲಿಲ್ಲ. ಅಂಥ ಉಳಿಯಿಂದ ಕೆತ್ತಿದರೆ ಮರದ ಮೇಲೆ ಕೂದಲೆಳೆಯಂಥ ಉಬ್ಬುಗೆರೆ ಉಳಿಯುತ್ತದೆ. ಅವಳು ತೋರಿಸಲು ಬಂದಾಗ, ಗೆರೆ ಬಂದರೆ ಬರಲಿ, ಅಳತೆ ತಪ್ಪಬೇಡ ಎಂದು ಕಳಿಸಿದೆ.

ಯಾರ ಕೆಲಸ ಯಾವುದೆಂದು ನನಗೆ ತಿಳಿಯಬಾರದೆಂದು ಜಾಬ್‌ಗಳ, ಅಂದರೆ ಪರೀಕ್ಷೆಗೆ ಮಾಡಿದ ಜಾಯಿಂಟುಗಳ ಮೇಲೆ ಉಕ್ಕಿನ ಅಚ್ಚಿನಿಂದ ನಂಬರ್ ಮಾತ್ರ ಪಂಚ್ ಮಾಡುತ್ತಿದ್ದೆವು. ಮಾಡಿದವರ ಕಣ್ಣೆದುರಿಗೇ ಪಂಚ್ ಬೀಳಬೇಕು ಎಂಬುದು ನಿಯಮ. ಅಂದು ಪಂಚ್ ಹೊಡೆಯಬೇಕಿದ್ದ ಭೀಮಣ್ಣ, ರೈಲಿನ ಹೊತ್ತಾಯಿತು, ಇಟ್ಟು ಹೋಗ್ರಿ ಎಂದು ಎಲ್ಲರನ್ನೂ ಕಳಿಸಿದ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಭೀಮಣ್ಣ ಇದ್ದಾನಲ್ಲ ಎಂದು ಸುಮ್ಮನಾದೆ.

ಮರುದಿನ ಅಂಕ ಹಾಕಿದೆ. ಹದಿನಾಲ್ಕರ ಜಾಯಿಂಟಿನ ಸಂದಿಯಲ್ಲಿ ಬೆಂಕಿಕಡ್ಡಿ ತೂರುತ್ತಿತ್ತು, ಫೇಲ್. ಹನ್ನೊಂದು ಬಹಳ ಚೊಕ್ಕ. ಅದರ ಹಲ್ಲುಗಳ ಮೇಲೆ ಸಣ್ಣ ಗೆರೆ ಕಂಡು ಎರಡು ಅಂಕ ಕಳೆದೆ, ಅಷ್ಟೆ. ಸಹಿ ಮಾಡಿ ಪಟ್ಟಿ ಕಳಿಸಿದೆ.

ಫಲಿತಾಂಶ ಬಂದ ದಿನ, ಫೇಲಾಗಿದ್ದ ಸುಜಾತಾ ಬಂದು ತನ್ನ ಜಾಬ್ ತೋರಿಸಲು ಕೇಳಿದಳು. ರಿಜಿಸ್ಟರಿನಲ್ಲಿ ಅವಳ ನಂಬರ್ ಹದಿನಾಲ್ಕು ಎಂದಿತ್ತು, ಅದನ್ನು ಕೈಗೆ ಕೊಟ್ಟೆ. ತಿರುಗಿಸಿ ನೋಡಿದಳು.

"ಇದು ನಂದಲ್ರಿ ಸರ್. ನನ್ನ ಉಳಿ ಬಾಯಿ ಮುರದಿತ್ತು. ಇದರಾಗ ಗೆರಿ ಎಲ್ಲದ?"

ಆಗ ಹನ್ನೊಂದು ನೆನಪಾಯಿತು. ಅದನ್ನೂ, ಅವಳು ಬಳಸಿದ್ದ ಉಳಿಯನ್ನೂ ತರಿಸಿದೆ. ಉಳಿಯನ್ನು ಇನ್ನೂ ಯಾರೂ ಮಸೆದಿರಲಿಲ್ಲ. ತುಂಡು ಹಲಗೆಯೊಂದನ್ನು ಅವಳಿಂದ ಕೆತ್ತಿಸಿ ಎರಡನ್ನೂ ಪಕ್ಕಪಕ್ಕ ಇಟ್ಟೆ. ಅದೇ ಗೆರೆ, ಅಂಚಿನಿಂದ ಅಷ್ಟೇ ದೂರ. ಹನ್ನೊಂದು ಯಾರ ನಂಬರ್ ಎಂದು ರಿಜಿಸ್ಟರ್ ತೆಗೆದರೆ, ಸೇಡಂನ ಹುಡುಗ, ಭೀಮಣ್ಣನ ತಂಗಿಯ ಮಗ.

ಸ್ಟೋರಿಗೆ ಹೋಗಿ ಕೇಳಿದೆ. ಎರಡರ ನಂಬರ್ ಅದಲುಬದಲು ಮಾಡಿ ಪಂಚ್ ಹೊಡೆದದ್ದು ತಾನೇ ಎಂದು ಭೀಮಣ್ಣ ಒಪ್ಪಿಕೊಂಡ. ಮಗನನ್ನು ಪಾಸು ಮಾಡಿಸು ಎಂದು ತಂಗಿ ಕಾಲು ಹಿಡಿದು ಅತ್ತಳಂತೆ.

"ನಾ ಇದ್ದಲ್ಲಿ ನೀ ನೋಡಂಗಿಲ್ಲ ಮಾಸ್ತರ. ಅದು ನಂಗ ಗೊತ್ತಿತ್ತು. ಅದಕ್ಕ ಧೈರ್ಯ ಮಾಡಿದೆ."

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನನ್ನ ಸ್ನೇಹವನ್ನೇ ಅವನು ಕಳ್ಳಗಂಡಿ ಮಾಡಿಕೊಂಡಿದ್ದ. ಅಂದೇ ನನ್ನ ಸಹಿಯ ವಿರುದ್ಧ ನಾನೇ ವರದಿ ಬರೆದೆ. ಭೀಮಣ್ಣನನ್ನು ಅಮಾನತು ಮಾಡಿದರು. ಅವನ ಮುಖ ನಾನು ಮತ್ತೆ ನೋಡಲಿಲ್ಲ. ಚಿತ್ತಾಪುರದ ಸಂತೆಯಲ್ಲೊಮ್ಮೆ ಎದುರಾದಾಗಲೂ ದಾರಿ ಬದಲಿಸಿದೆ.

ತಿದ್ದಿದ ಅಂಕಪಟ್ಟಿ ಬರಲು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕಾರ್ಖಾನೆಯವರು ಚಿಂಚೋಳಿ ಕಡೆಯ ಬೇರೊಬ್ಬನನ್ನು ತೆಗೆದುಕೊಂಡಿದ್ದರು. ಪಟ್ಟಿ ಕೊಡಲು ನಾನೇ ರೈಲು ಹತ್ತಿ ನಾಲವಾರಕ್ಕೆ ಹೋದೆ. ಸುಜಾತಾ ಕುರ್ಚಿ ಹಾಕಿ, ನೀರು ಕೊಟ್ಟಳು. ನನ್ನ ಸಂಕಟವೆಲ್ಲ ಅವಳೆದುರು ತೋಡಿಕೊಂಡೆ. ಇಷ್ಟು ವರ್ಷದ ಗೆಳೆಯ ನಮ್ಮಿಬ್ಬರಿಗೂ ಮೋಸ ಮಾಡಿಬಿಟ್ಟನಮ್ಮ ಎಂದೆ.

ಅವಳು ಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟಳು.

"ಅವ್ರ ಮ್ಯಾಲ ನಾ ಭರೋಸಾ ಇಟ್ಟಿದ್ದಿಲ್ರಿ ಸರ್. ನಿಮ್ಮ ಮ್ಯಾಲ ಇಟ್ಟಿದ್ದೆ."

ಮುರಿದ ಉಳಿಯನ್ನು ನನ್ನ ಕೈಯಲ್ಲೇ ಹಿಡಿದು ನೋಡಿದ್ದವನು ನಾನು. ಅದರ ಗೆರೆಯನ್ನು ಕಣ್ಣಾರೆ ಕಂಡು ಅಂಕ ಕಳೆದವನೂ ನಾನೇ. ಉಳಿದ ಎರಡು ವರ್ಷ, ನಂಬರಿನ ಗುಟ್ಟು ಹೋದರೆ ಹೋಗಲಿ ಎಂದು, ಪ್ರತಿ ಜಾಬಿನ ಮೇಲೂ ನಾನೇ ನಿಂತು ಪಂಚ್ ಹೊಡೆದೆ, ಮಾಡಿದವರನ್ನು ಎದುರಿಗೆ ನಿಲ್ಲಿಸಿಕೊಂಡು. ನಾನು ನಂಬಿದವರ ಕೆಲಸವನ್ನೂ ನೋಡದೆ ಬಿಡುವ ಹಕ್ಕು ನನಗಿಲ್ಲ ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು, ಆದರೆ ಅದರ ದಂಡ ತೆತ್ತವಳು ಸುಜಾತಾ.