ಲವಣಕ್ಕೆ ಹಿಡಿದ ಶನಿ

ನಾನು ಅರೆದ ಲವಣದ ಪುಡಿಯನ್ನು ಆಯಸ್ಕಾಂತ ಅವತ್ತೂ ಸೆಳೆಯಿತು. ಶುದ್ಧವಾಗಿದ್ದರೆ ಸೆಳೆಯಬಾರದು, ಸೆಳೆದರೆ ಕಬ್ಬಿಣ ಬೆರೆತಿದೆ ಎಂದರ್ಥ. ತೊಂಬತ್ತರ ದಶಕದಲ್ಲಿ ಶುದ್ಧ ಲವಣ ತಯಾರಿಸುತ್ತಿದ್ದ ನಂಜನಗೂಡಿನ ಆ ಲ್ಯಾಬಿನಲ್ಲಿ ಎಂ.ಎಸ್ಸಿ. ಓದಿದ್ದವನು ನಾನೊಬ್ಬನೇ. ಆದರೂ ಸಂಶೋಧನೆಗೆ ಹೋಗುವ ಬಾಟಲಿಗಳಲ್ಲೆಲ್ಲ ಪಿಯುಸಿ ಓದಿದ, ಹದಿನಾರು ಎಂಬ ಊರಿನ ಮಹದೇವಮ್ಮ ಅರೆದ ಪುಡಿಯೇ. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಅವಳೇ ಬಂದು ಮೆಲ್ಲಗೆ ಹೇಳಿದಳು: "ಬೇಜಾರ್ ಮಾಡ್ಕಬೇಡಿ ಸಾ. ಆ ಶನಿ ಉಂಗ್ರ ತೆಗ್ದಿಟ್ಟು ಅರೀರಿ. ಅದು ಒರಳಿಗೆ ಉಜ್ತದೆ, ದಿನಾ ನೋಡ್ತಾ ಇವ್ನಿ."

ಅವಳನ್ನು ಮೀರಿಸಬೇಕೆಂದೇ, ಗ್ರಹಚಾರ ಕಳೆಯಲೆಂದು ಟಿ. ನರಸೀಪುರದ ಜೋಯಿಸರಿಂದ ಹಾಕಿಸಿಕೊಂಡಿದ್ದ ಕುದುರೆ ಲಾಳದ ಉಂಗುರವದು.

ಮರುದಿನ ಉಂಗುರ ತೆಗೆದಿಟ್ಟು ಅರೆದೆ, ನನ್ನ ಪುಡಿಯೂ ಪಾಸಾಯಿತು. ಉಂಗುರ ಎಲ್ಲೋ ಕಳೆದುಹೋಯಿತೆಂದು ಅವಳಿಗೆ ಸುಳ್ಳು ಹೇಳಿದೆ. ಥ್ಯಾಂಕ್ಸ್ ಇವತ್ತಿಗೂ ಹೇಳಿಲ್ಲ.